ಹೆಸರಿಲ್ಲದ ಆರು ತಂಡ, ಒಂದು ಕಪ್: ಹೆಣ್ಣುಮಕ್ಕಳ ಐಸ್ ಹಾಕಿ ಲೀಗಿನ ಮೊದಲ ಸೀಸನ್ ಯಾರಾದ್ರೂ ನೋಡಿದಿರಾ?

ಹಾಸನದ ಹಿಮ (ಟೊರಾಂಟೊ), 30 ಮೇ 2024

ನಿನ್ನೆ ರಾತ್ರಿ ಮಿನೆಸೋಟ ಕಪ್ ಎತ್ತಿತು. ಬಾಸ್ಟನ್ನಿನವರನ್ನು ಅವರ ಅಂಗಳದಲ್ಲೇ ಸೋಲಿಸಿತು, 3-0. ನಾನು ಟೊರಾಂಟೊ ಪಾರ್ಟಿ. ನಮ್ಮ ತಂಡ ಎರಡು ವಾರ ಮುಂಚೆಯೇ ಗಂಟುಮೂಟೆ ಕಟ್ಟಿತ್ತು. ಆದರೂ ಕೊನೆವರೆಗೂ ಕೂತು ನೋಡಿದೆ.

ಜನವರಿ 1ರಿಂದ ನನಗೆ ಇದೇ ಗುಂಗು. ಆಫೀಸಿನಲ್ಲಿ ಮಾತಾಡಲು ಜನ ಇದ್ದಾರೆ. ಕನ್ನಡದಲ್ಲಿ ಮಾತಾಡಲು ಯಾರೂ ಸಿಕ್ಕಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪಿಡಬ್ಲ್ಯುಎಚ್‌ಎಲ್ ಅಂತ ಹೆಣ್ಣುಮಕ್ಕಳ ವೃತ್ತಿಪರ ಐಸ್ ಹಾಕಿ ಲೀಗ್. ಈ ಮೊದಲ ಸೀಸನ್ನಿಗೆ ಕೆನಡಾದಿಂದ ಟೊರಾಂಟೊ, ಮಾಂಟ್ರಿಯಲ್, ಒಟ್ಟಾವ. ಅಮೆರಿಕದಿಂದ ಬಾಸ್ಟನ್, ಮಿನೆಸೋಟ, ನ್ಯೂಯಾರ್ಕ್. ಒಂದೊಂದು ತಂಡಕ್ಕೆ 24 ಪಂದ್ಯ. ಆಮೇಲೆ ಮೇಲಿನ ನಾಲ್ಕು ತಂಡಕ್ಕೆ ಪ್ಲೇಆಫ್. ತಮಾಷೆ ಏನೆಂದರೆ ತಂಡಗಳಿಗೆ ಹೆಸರೇ ಇರಲಿಲ್ಲ. ಲೋಗೊ ಕೂಡ ಇಲ್ಲ. ಜರ್ಸಿ ಎದೆ ಮೇಲೆ ಓರೆಯಾಗಿ ಊರ ಹೆಸರು, ಅಷ್ಟೇ. ಸ್ಕೂಲ್ ಡೇಗೆ ಅವಸರದಲ್ಲಿ ಹೊಲಿಸಿದ ಬಟ್ಟೆ ಥರ.

ಮೊದಲ ಪಂದ್ಯ ನಮ್ಮೂರಿನ ಮ್ಯಾಟಮಿ ಸೆಂಟರಿನಲ್ಲಿ. ಪುಟ್ಟ ಜಾಗ, 2,537 ಜನ. ನನಗೆ ಟಿಕೆಟ್ ಸಿಗಲಿಲ್ಲ. ಟಿವಿ ಮುಂದೆ ಕೂತೆ. ನ್ಯೂಯಾರ್ಕಿನ ಎಲಾ ಶೆಲ್ಟನ್ ಲೀಗಿನ ಮೊದಲ ಗೋಲು ಹೊಡೆದಳು. ನಾವು 0-4ರಿಂದ ಸೋತೆವು. ಆ ದಿನ ಕೆನಡಾದಲ್ಲಿ 29 ಲಕ್ಷ ಜನ ಟಿವಿಯಲ್ಲಿ ಈ ಪಂದ್ಯ ನೋಡಿದ್ದರಂತೆ.

ಒಂದೂವರೆ ತಿಂಗಳು ಬಿಟ್ಟು, ಫೆಬ್ರುವರಿ 16ಕ್ಕೆ, ಅದೇ ಊರು, ಅದೇ ನಮ್ಮ ತಂಡ. ಆದರೆ ಈ ಸಲ ಸ್ಕೋಶಿಯಾಬ್ಯಾಂಕ್ ಅರೀನಾ. 19,285 ಜನ, ಒಂದು ಸೀಟೂ ಖಾಲಿ ಇಲ್ಲ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಒಂಬತ್ತು ವರ್ಷ, ಬ್ಯಾಕ್‌ವರ್ಡ್ ಸ್ಕೇಟಿಂಗ್ ಈಗ ಕಲಿಯುತ್ತಿದ್ದಾಳೆ. ಮಾಂಟ್ರಿಯಲ್ ಮೇಲೆ 3-0 ಗೆದ್ದೆವು. ಬರುವಾಗ ಸಬ್‌ವೇಯಲ್ಲಿ ಅಪರಿಚಿತರೆಲ್ಲ ಒಬ್ಬರಿಗೊಬ್ಬರು ಸ್ಕೋರ್ ಹೇಳಿಕೊಳ್ಳುತ್ತಿದ್ದರು, ಎಲ್ಲರೂ ಅದೇ ಪಂದ್ಯದಿಂದ ಬಂದವರೇ ಆದರೂ!


ಬಸವನಗುಡಿ ಲೆಗ್‌ಸ್ಪಿನ್, 30 ಮೇ

ಅಕ್ಕ, ನಾನು ಐಸ್ ನೋಡಿರುವುದು ಕಬ್ಬಿನ ಹಾಲಿನಲ್ಲಿ ಮಾತ್ರ. ಆದ್ರೂ ಓದಿ ಖುಷಿ ಆಯ್ತು. ಇದೇ ಮಾರ್ಚ್ 17ಕ್ಕೆ ನಮ್ಮ ಹುಡುಗಿಯರು ಡಬ್ಲ್ಯುಪಿಎಲ್ ಕಪ್ ಗೆದ್ದಾಗ ನಾನೂ ರಸ್ತೆಗೆ ಇಳಿದಿದ್ದೆ. ಗಂಡಸರು 16 ವರ್ಷ ಆಡಿ ತರದ ಕಪ್ ಇವರು ಎರಡನೇ ಸೀಸನ್ನಿಗೇ ತಂದರು. ಫೈನಲ್‌ನಲ್ಲಿ ಶ್ರೇಯಾಂಕಾ ಪಾಟೀಲ್ 4 ವಿಕೆಟ್!

ಒಂದು ಪ್ರಶ್ನೆ. ಹೆಸರೇ ಇಲ್ಲದೆ ಲೀಗ್ ಶುರು ಮಾಡುವುದು ಏಕೆ? ನಮ್ಮಲ್ಲಿ ಮೊದಲು ಹೆಸರು, ಹಾಡು, ಜರ್ಸಿ ಬಿಡುಗಡೆ. ಆಮೇಲೆ ಆಟ.


ಒಟ್ಟಾವ ಒಗ್ಗರಣೆ, 31 ಮೇ

ಲೆಗ್‌ಸ್ಪಿನ್ ಅವರೇ, ಟೈಮ್ ಇರಲಿಲ್ಲ ಅನ್ನುವುದು ನೇರ ಉತ್ತರ. 2023ರ ಜೂನ್ ಕೊನೆಗೆ ಲೀಗ್ ಮಾಡುತ್ತೇವೆ ಅಂದರು. ಆಗಸ್ಟ್ 29ಕ್ಕೆ ಆರು ಊರು ಯಾವುವು ಅಂತ ಹೇಳಿದರು. ಸೆಪ್ಟೆಂಬರ್ 18ಕ್ಕೆ ಡ್ರಾಫ್ಟ್, ಅಂದರೆ ತಂಡಗಳು ಸರದಿ ಪ್ರಕಾರ ಆಟಗಾರ್ತಿಯರನ್ನು ಆರಿಸಿಕೊಳ್ಳುವುದು. ಜನವರಿ 1ಕ್ಕೆ ಪಂದ್ಯ. ಆರು ತಿಂಗಳಲ್ಲಿ ಮದುವೆ ಛತ್ರ ಸಿಗುವುದೇ ಕಷ್ಟ, ಇವರು ಲೀಗ್ ಕಟ್ಟಿದರು.

ಆದರೆ ಅವಸರದಲ್ಲೂ ಒಂದನ್ನು ಮಾತ್ರ ಬಿಡಲಿಲ್ಲ. ಹೆಸರಿಗಿಂತ, ಊರಿಗಿಂತ, ಡ್ರಾಫ್ಟಿಗಿಂತ ಮುಂಚೆ ಆಟಗಾರ್ತಿಯರ ಸಂಘದ ಜೊತೆ ಸಂಬಳದ ಒಪ್ಪಂದಕ್ಕೆ ಸಹಿ ಆಯಿತು. 2023ರ ಜುಲೈ ಮೊದಲ ವಾರ. 2031ರವರೆಗೆ ಇರುವ ಒಪ್ಪಂದ. ತಂಡ ಯಾವುದು ಅಂತ ಗೊತ್ತಾಗುವ ಮೊದಲೇ ಸಂಬಳ ಎಷ್ಟು ಅಂತ ಗೊತ್ತಿತ್ತು. ನನಗೆ ಈ ಸೀಸನ್ನಿನಲ್ಲಿ ತುಂಬಾ ಇಷ್ಟವಾದ ವಿಷಯ ಇದೇ, ಯಾವ ಗೋಲೂ ಅಲ್ಲ.

ಇದರ ಹಿಂದೆ ಸುಟ್ಟ ಕೈಗಳ ಕಥೆ ಇದೆ. 2007ರಲ್ಲಿ ಶುರುವಾದ ಕೆನಡಾದ ಹೆಂಗಸರ ಲೀಗ್ ಸಿಡಬ್ಲ್ಯುಎಚ್‌ಎಲ್‌ನಲ್ಲಿ ಹತ್ತು ವರ್ಷ ಯಾರಿಗೂ ಸಂಬಳವೇ ಇರಲಿಲ್ಲ. 2017ರಲ್ಲಿ ಕೊಡಲು ಶುರು ಮಾಡಿದರು, ಸೀಸನ್ನಿಗೆ 2,000ದಿಂದ 10,000 ಡಾಲರ್. ಒಲಿಂಪಿಕ್ ಚಿನ್ನ ಗೆದ್ದವರು ಹಗಲು ಕೆಲಸ ಮಾಡಿ ರಾತ್ರಿ ಪ್ರಾಕ್ಟೀಸ್ ಮಾಡಬೇಕು. 2019ರಲ್ಲಿ ಅದೂ ಬಾಗಿಲು ಹಾಕಿತು. ಇನ್ನೊಂದು ಕಡೆ 2015ರಲ್ಲಿ ಅಮೆರಿಕದಲ್ಲಿ ಎನ್‌ಡಬ್ಲ್ಯುಎಚ್‌ಎಲ್ ಅನ್ನುವ ಲೀಗ್ ಶುರುವಾಯಿತು. ಸಂಬಳ ಕೊಡುತ್ತೇವೆ ಅಂದರು, ಕೊಟ್ಟರು. ಎರಡನೇ ಸೀಸನ್ ನಡುವೆಯೇ ಕತ್ತರಿ ಹಾಕಿದರು, ಕೆಲವರಿಗೆ ಅರ್ಧದವರೆಗೆ.

2019ರ ಮೇ ತಿಂಗಳಲ್ಲಿ 200ಕ್ಕೂ ಹೆಚ್ಚು ಆಟಗಾರ್ತಿಯರು ಒಟ್ಟಾಗಿ "ಸರಿಯಾದ ಲೀಗ್ ಬರುವವರೆಗೆ ನಾವು ಇಲ್ಲಿ ಯಾವ ಲೀಗಿನಲ್ಲೂ ಆಡುವುದಿಲ್ಲ" ಅಂತ ಕೂತುಬಿಟ್ಟರು. ಅವರಲ್ಲಿ ಮರಿ-ಫಿಲಿಪ್ ಪುಲೆ, ಹಿಲರಿ ನೈಟ್, ಕೆಂಡಲ್ ಕಾಯ್ನ್ ಸ್ಕೋಫೀಲ್ಡ್ ಎಲ್ಲ ಇದ್ದರು. ನಾಲ್ಕು ವರ್ಷ ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡಿದರು. ಒಬ್ಬ ಆಟಗಾರ್ತಿಗೆ ನಾಲ್ಕು ವರ್ಷ ಅಂದರೆ ಏನು ಅಂತ ಯೋಚನೆ ಮಾಡಿ. ಕೆಲವರಿಗೆ ಅದೇ ಅವರ ಉಚ್ಛ್ರಾಯದ ಕಾಲ.


ಲೆಕ್ಕದ ಮೇಷ್ಟ್ರು (ಮೈಸೂರು), 31 ಮೇ

ಒಪ್ಪಂದ ಒಪ್ಪಂದ ಅಂತೀರಿ, ಎಷ್ಟು ಅಂತ ಹೇಳಿ.


ಒಟ್ಟಾವ ಒಗ್ಗರಣೆ, 31 ಮೇ

ಹೇಳುತ್ತೇನೆ ಮೇಷ್ಟ್ರೇ. ಕನಿಷ್ಠ 35,000 ಅಮೆರಿಕನ್ ಡಾಲರ್. ಇಷ್ಟೇ ತೆಗೆದುಕೊಳ್ಳುವವರು ಒಂದು ತಂಡದಲ್ಲಿ ಒಂಬತ್ತಕ್ಕಿಂತ ಹೆಚ್ಚು ಇರಬಾರದು. ಕನಿಷ್ಠ ಆರು ಜನರಿಗೆ 80,000ಕ್ಕೆ ಕಡಿಮೆ ಇಲ್ಲದಂತೆ ಮೂರು ವರ್ಷದ ಕರಾರು. ತಂಡದ ಸರಾಸರಿ 55,000. ಮನೆ ಬಾಡಿಗೆಗೆ ಭತ್ಯೆ, ಆರೋಗ್ಯ ವಿಮೆ, ಹೆರಿಗೆ ರಜೆ ಬೇರೆ.


ಲೆಕ್ಕದ ಮೇಷ್ಟ್ರು, 31 ಮೇ

ಅಂದರೆ ಕನಿಷ್ಠ ಸಂಬಳ 29 ಲಕ್ಷ ರೂಪಾಯಿ, ಸರಾಸರಿ 45 ಲಕ್ಷದ ಮೇಲೆ. ಇಲ್ಲಿ ಕೂತು ನೋಡಿದರೆ ದೊಡ್ಡದು. ಆದರೆ ಟೊರಾಂಟೊ, ಬಾಸ್ಟನ್ ಬಾಡಿಗೆ ನನಗೂ ಗೊತ್ತು, ಮಗ ಅಲ್ಲೇ ಇದ್ದಾನೆ. 35,000ದಲ್ಲಿ ಹೇಗೋ ತಿಂಗಳು ತಳ್ಳಬಹುದು ಅಷ್ಟೇ. ಸ್ಮೃತಿ ಮಂಧಾನಾಗೆ ಮೂರು ವಾರದ ಆಟಕ್ಕೆ 3.4 ಕೋಟಿ ಸಿಕ್ಕಿತು. ಹೀಗಿರುವಾಗ ಇದನ್ನು ಕ್ರಾಂತಿ ಅನ್ನಬೇಕಾ?

ಇನ್ನೊಂದು ಪ್ರಶ್ನೆ. ಈ ಆರೂ ತಂಡದ ಮಾಲೀಕ ಒಬ್ಬನೇ ಅಂತ ಓದಿದೆ. ಹೌದಾ? ಆಟ ಆಡುವವರೂ ಅವರದೇ, ಅಂಪೈರೂ ಅವರದೇ, ಕಪ್ಪೂ ಅವರದೇ?


ಹಾಸನದ ಹಿಮ, 31 ಮೇ

ಕಪ್ಪಿನ ಹೆಸರೂ ಅವರದೇ ಮೇಷ್ಟ್ರೇ! ವಾಲ್ಟರ್ ಕಪ್. ಮಾರ್ಕ್ ವಾಲ್ಟರ್ ಅಂತ, ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ದೊಡ್ಡ ಪಾಲುದಾರ. ದುಡ್ಡು ಅವರದು. ಜೊತೆಗೆ ಟೆನಿಸ್‌ನ ಬಿಲ್ಲಿ ಜೀನ್ ಕಿಂಗ್ ಇದ್ದಾರೆ. ಮೊದಲ ಪಂದ್ಯಕ್ಕೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಬಿಟ್ಟವರೂ ಅವರೇ. ಟೆನಿಸ್‌ನಲ್ಲಿ ಹೆಂಗಸರಿಗೆ ಸಂಘ ಕಟ್ಟಿದವರು ಅಲ್ವಾ, ಸಂಘ ಮೊದಲು, ಲೀಗ್ ಆಮೇಲೆ ಅನ್ನುವ ಬುದ್ಧಿ ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಅಂದಾಜು.

ಮಂಧಾನಾ ಲೆಕ್ಕಕ್ಕೆ ಒಂದು ಮಾತು. ಅದೇ ಹರಾಜಿನಲ್ಲಿ ಹೊಸ ಹುಡುಗಿಯರ ಮೂಲ ಬೆಲೆ 10 ಲಕ್ಷ ಇತ್ತು. ಮೇಲಿನವರನ್ನು ನೋಡಿದರೆ ನಮ್ಮದು ದೊಡ್ಡದು. ಕೆಳಗಿನವರನ್ನು ನೋಡಿದರೆ ಲೆಕ್ಕ ಬೇರೆ. ಮೂರು ವಾರಕ್ಕೆ 10 ಲಕ್ಷ ಕಡಿಮೆ ಅಂತ ಹೇಳುತ್ತಿಲ್ಲ. ಆದರೆ ವರ್ಷದ ಉಳಿದ ತಿಂಗಳು ಅವಳ ಕೈ ಹಿಡಿಯುವವರು ಯಾರು?


ಪುತ್ತೂರು ಟು ಸೇಂಟ್‌ಪಾಲ್, 1 ಜೂನ್

ಎಂಥ ಮಾರಾಯ್ರೆ, ಕಪ್ ಗೆದ್ದವರು ನಾವು, ಇಲ್ಲಿ ಸಂಬಳದ ಚರ್ಚೆ ನಡೆಯುತ್ತಿದೆ! ಸ್ವಲ್ಪ ಜಾಗ ಬಿಡಿ.

ನಮ್ಮ ಮಿನೆಸೋಟ ಕಥೆ ಕೇಳಿ. ಸೀಸನ್ ಶುರುವಾಗಲು ಒಂದು ವಾರ ಇರುವಾಗ ಕೋಚ್ ಬಿಟ್ಟು ಹೋದರು. ಕೆನ್ ಕ್ಲೀ ಬಂದರು. ಮೊದಲ ಮನೆ ಪಂದ್ಯಕ್ಕೆ, ಜನವರಿ 6, 13,316 ಜನ. ಆಗ ಅದೇ ದಾಖಲೆ. ಗ್ರೇಸ್ ಜುಮ್‌ವಿಂಕಲ್ ಒಬ್ಬಳೇ ಮೂರು ಗೋಲು ಹೊಡೆದಳು. ಸ್ವರ್ಗ. ಆಮೇಲೆ ಕೊನೆಗೆ ಏನಾಯ್ತು? ಸತತ ಐದು ಪಂದ್ಯ ಸೋತೆವು. ನಾಲ್ಕನೇ ಸ್ಥಾನ ಕೈಬಿಡುವ ಹಾಗಿತ್ತು. ಕೊನೆಯ ದಿನ ಒಟ್ಟಾವ ಗೆದ್ದರೆ ನಮ್ಮ ಜಾಗ ಹೋಗುವ ಹಾಗಿತ್ತು. ಒಟ್ಟಾವವನ್ನು ಸೋಲಿಸಿದ್ದು ಯಾರು? ಟೊರಾಂಟೊ.

ಈಗ ಮಜಾ ನೋಡಿ. ಈ ಲೀಗಿನಲ್ಲಿ ಮೊದಲ ಸ್ಥಾನದ ತಂಡ ತನ್ನ ಎದುರಾಳಿಯನ್ನು ತಾನೇ ಆರಿಸಿಕೊಳ್ಳಬಹುದು. ಮೂರನೆಯವರಾ, ನಾಲ್ಕನೆಯವರಾ ಅಂತ. ಟೊರಾಂಟೊ ಯೋಚನೆ ಮಾಡಿ ನಮ್ಮನ್ನು ಆರಿಸಿತು. ಐದು ಸೋತು ಬಂದ ತಂಡ, ಸುಲಭ ಅಂದುಕೊಂಡರು. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದರು!

ಮೊದಲ ಎರಡು ಪಂದ್ಯ 4-0, 2-0 ಟೊರಾಂಟೊಗೆ. ನಮಗೆ ಒಂದು ಗೋಲೂ ಇಲ್ಲ. ನಾನು ಟಿವಿ ಆಫ್ ಮಾಡಿ ಮಲಗಿದ್ದೆ. ಮೂರನೆಯದು ಗೆದ್ದೆವು. ನಾಲ್ಕನೆಯದು ಎರಡನೇ ಓವರ್‌ಟೈಮಿನಲ್ಲಿ 1-0. ಐದನೆಯದು ಟೊರಾಂಟೊದಲ್ಲೇ 4-1.


ಹಾಸನದ ಹಿಮ, 1 ಜೂನ್

ಗಾಯಕ್ಕೆ ಉಪ್ಪು ಹಾಕಿದ್ದಕ್ಕೆ ಧನ್ಯವಾದ. ಮೂರನೇ ಪಂದ್ಯದಲ್ಲಿ ನಟಾಲಿ ಸ್ಪೂನರ್ ಮೊಣಕಾಲು ಹೋಯಿತು ಅನ್ನುವುದನ್ನು ಬಿಟ್ಟುಬಿಟ್ಟಿರಿ. 24 ಪಂದ್ಯದಲ್ಲಿ 20 ಗೋಲು ಹೊಡೆದವಳು. ಲೀಗಿನಲ್ಲಿ ಅವಳಷ್ಟು ಪಾಯಿಂಟ್ (ಗೋಲು, ಗೋಲಿಗೆ ನೆರವು ಎರಡೂ ಸೇರಿ) ಮಾಡಿದವರು ಬೇರೆ ಯಾರೂ ಇಲ್ಲ. ಅದೂ ಹೆರಿಗೆಯಾಗಿ ಒಂದು ವರ್ಷದ ಆಚೀಚೆ ಹೀಗೆ ಆಡಿದಳು. ಗೋಲ್‌ಕೀಪರ್ ಎದುರಿಗೇ ಹೋಗಿ ನಿಲ್ಲುತ್ತಿದ್ದಳು, ತಳ್ಳಿದರೂ ಕದಲುತ್ತಿರಲಿಲ್ಲ. ಅವಳು ಇಲ್ಲದೆ ಕೊನೆಯ ಎರಡು ಪಂದ್ಯದಲ್ಲಿ ನಮಗೆ ಸಿಕ್ಕಿದ್ದು ಒಂದೇ ಗೋಲು.

ಐದನೇ ಪಂದ್ಯಕ್ಕೆ ನಾನು ಹೋಗಿದ್ದೆ. ಮಗಳು ಅತ್ತಳು. ನಾನು ಅಳಲಿಲ್ಲ ಅಂತ ಬರೆದುಕೊಳ್ಳಿ.


ಧಾರವಾಡದಾಂವ (ಬಾಸ್ಟನ್), 1 ಜೂನ್

ಪುತ್ತೂರಿನವರೇ, ಫೈನಲ್ ನಾಲ್ಕನೇ ಪಂದ್ಯದ ಬಗ್ಗೆ ಒಂದು ಮಾತೂ ಇಲ್ಲವಲ್ರೀ?


ಪುತ್ತೂರು ಟು ಸೇಂಟ್‌ಪಾಲ್, 1 ಜೂನ್

ಅದು ಬೇಡ ಮಾರಾಯ್ರೆ. ಎದೆ ಈಗಲೂ ಡವಡವ.


ಧಾರವಾಡದಾಂವ, 1 ಜೂನ್

ನಾನೇ ಹೇಳುತ್ತೇನೆ ಬಿಡಿ. ಮೇ 26, ಸೇಂಟ್ ಪಾಲ್. ಮಿನೆಸೋಟ 2-1 ಮುಂದೆ, ಇದು ಗೆದ್ದರೆ ಕಪ್. ಎರಡು ಓವರ್‌ಟೈಮ್‌ಗೆ ಹೋಯಿತು, ಇನ್ನೂ 0-0. ಆಗ ಸೋಫಿ ಜಾಕ್ಸ್ ಹೊಡೆದಳು, ಪಕ್ ಒಳಗೆ. ಮಿನೆಸೋಟದವರು ಹೆಲ್ಮೆಟ್ ಎಸೆದರು, ಗ್ಲೌಸ್ ಎಸೆದರು, ಒಬ್ಬರ ಮೇಲೊಬ್ಬರು ಬಿದ್ದರು. ಇಡೀ ಸ್ಟೇಡಿಯಂ ಕುಣಿಯುತ್ತಿದೆ. ನಮ್ಮ ಕೋಚ್ ರಿವ್ಯೂ ಕೇಳಿದರು. ನೋಡಿದರೆ ಒಬ್ಬಳು ನಮ್ಮ ಗೋಲ್‌ಕೀಪರ್ ಏರಿನ್ ಫ್ರಾಂಕೆಲ್‌ಗೆ ಅಡ್ಡ ಬಂದಿದ್ದಳು. ಗೋಲು ಇಲ್ಲ!

ಐಸ್ ಮೇಲೆ ಬಿದ್ದ ಗ್ಲೌಸ್ ಹೆಕ್ಕಿಕೊಂಡು ಮತ್ತೆ ಆಡಬೇಕು. ಒಂದು ನಿಮಿಷ ಚಿಲ್ಲರೆ ಆಗಿರಬಹುದು, ನಮ್ಮ ಅಲೀನಾ ಮ್ಯುಲರ್ ಗೋಲು ಹೊಡೆದಳು. 1-0, ಬಾಸ್ಟನ್ ಗೆಲುವು. ನಾನು ಸೋಫಾದಿಂದ ಎದ್ದ ರಭಸಕ್ಕೆ ಮಂಡಕ್ಕಿ ಡಬ್ಬಿ ಮನೆ ತುಂಬ.

ಇಷ್ಟಾದ ಮೇಲೆ ಐದನೇ ಪಂದ್ಯ ನಮ್ಮ ಊರ ಪಕ್ಕದ ಲೋವೆಲ್‌ನಲ್ಲಿ. ನಾವೇ ಗೆಲ್ಲಬೇಕಿತ್ತು. ಅವರ ಗೋಲ್‌ಕೀಪರ್ ನಿಕೋಲ್ ಹೆನ್ಸ್ಲಿ ಒಂದು ಗೋಲೂ ಬಿಡಲಿಲ್ಲ. ಲಿಜ್ ಶೆಪರ್ಸ್ ಹೊಡೆದ ಮೊದಲ ಗೋಲೇ ಸಾಕಾಯಿತು. ಕಪ್ ಗೆದ್ದೆವು ಅಂತ ಕುಣಿದು, ಅಲ್ಲ ಅನ್ನಿಸಿಕೊಂಡು, ಮೂರು ದಿನ ಬಿಟ್ಟು ಬಂದು ಗೆಲ್ಲುವುದು ಅಂದರೆ ಅದಕ್ಕೆ ಗಟ್ಟಿ ಗುಂಡಿಗೆ ಬೇಕು. ಒಪ್ಪುತ್ತೇನ್ರೀ.

ಸೆಮಿಯಲ್ಲಿ ನಾವು ಮಾಂಟ್ರಿಯಲ್ ತಂಡವನ್ನು 3-0 ಗುಡಿಸಿ ಹಾಕಿದ್ದೆವು. ಮೂರೂ ಓವರ್‌ಟೈಮ್. ಒಂದಂತೂ ಮೂರನೇ ಓವರ್‌ಟೈಮ್‌ಗೆ ಹೋಗಿತ್ತು. ಪುಲೆ ತಂಡದವರು ಒಂದೂ ಗೆಲ್ಲದೆ ಹೊರಬಿದ್ದರು, ಆದರೆ ಮೂರೂ ಸಲ ಒಂದೇ ಗೋಲಿನ ಅಂತರ. ಪಾಪ.


ಕೊಡಗಿನ ಕೋಲು, 2 ಜೂನ್

ಹಾಕಿ ಎಂದರೆ ನಮ್ಮ ಮನೆ ಮಾತು, ಅದಕ್ಕೇ ಇಣುಕಿದೆ. ಈ ವರ್ಷ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಆಡಿದವು. ಅದರಲ್ಲಿ ಅಣ್ಣ, ತಂಗಿ, ಅತ್ತಿಗೆ ಒಂದೇ ತಂಡ. ಅಲ್ಲಿ ತಂಡಕ್ಕೆ ಹೆಸರಿಲ್ಲ, ಸಂಬಳ ಇದೆ. ನಮ್ಮಲ್ಲಿ ಹೆಸರೇ ಎಲ್ಲ, ಸಂಬಳದ ಮಾತೇ ಇಲ್ಲ! ಅಂದ ಹಾಗೆ ಐಸ್ ಮೇಲೆ ಮೈಗೆ ಮೈ ಡಿಕ್ಕಿ ಹೊಡೆಯಲು ಹೆಣ್ಣುಮಕ್ಕಳಿಗೆ ಬಿಡುತ್ತಾರಾ?


ಒಟ್ಟಾವ ಒಗ್ಗರಣೆ, 2 ಜೂನ್

ಗಂಡಸರ ಆಟದಷ್ಟು ಇಲ್ಲ. ಆದರೆ ಒಲಿಂಪಿಕ್ಸ್‌ನಲ್ಲಿ ನೋಡುವುದಕ್ಕಿಂತ ಜಾಸ್ತಿ ಬಿಟ್ಟಿದ್ದಾರೆ. ಗೋಡೆ ಪಕ್ಕ ಪಕ್‌ಗೆ ಕಿತ್ತಾಡುವಾಗ ಬರುವ ಸದ್ದು ಕೇಳಬೇಕು ನೀವು. ನಮ್ಮ ತಂಡದಲ್ಲಿ ಜಪಾನಿನ ಅಕಾನೆ ಶಿಗಾ ಅಂತ ಪುಟ್ಟ ಹುಡುಗಿ ಇದ್ದಳು. ಅವಳು ನುಣುಚಿಕೊಳ್ಳುವುದನ್ನು ನೋಡಲಿಕ್ಕೇ ನಾನು ಹೋಗುತ್ತಿದ್ದೆ.

ನನಗೆ ಇಷ್ಟವಾದ ನಿಯಮ ಜೈಲ್‌ಬ್ರೇಕ್. ತಪ್ಪು ಮಾಡಿದವಳು ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು, ಅದು ಮಾಮೂಲಿ. ಎದುರಾಳಿಗೆ ಪವರ್‌ಪ್ಲೇ. ಇಲ್ಲಿ ಹೊಸದು ಏನೆಂದರೆ, ಒಬ್ಬಳು ಕಡಿಮೆ ಇರುವ ತಂಡವೇ ಆ ಹೊತ್ತಿನಲ್ಲಿ ಗೋಲು ಹೊಡೆದರೆ ಒಳಗಿದ್ದವಳಿಗೆ ತಕ್ಷಣ ಬಿಡುಗಡೆ. ಮುಂಚೆ ಪೆನಾಲ್ಟಿ ಅಂದರೆ ಹೇಗೋ ಎರಡು ನಿಮಿಷ ಕಳೆದರೆ ಸಾಕು ಅಂತಿದ್ದವರು ಈಗ ಎದ್ದು ಓಡುತ್ತಾರೆ.

ಇನ್ನೊಂದು, ಸೋಲುವ ತಂಡಕ್ಕೆ ಡ್ರಾಫ್ಟಿನಲ್ಲಿ ಮೊದಲ ಆಯ್ಕೆ ಸುಮ್ನೆ ಸಿಗುವುದಿಲ್ಲ. ಪ್ಲೇಆಫ್ ಆಸೆ ಹೋದ ಮೇಲೆ ಉಳಿದ ಪಂದ್ಯಗಳಲ್ಲಿ ಯಾರು ಹೆಚ್ಚು ಪಾಯಿಂಟ್ ಮಾಡುತ್ತಾರೋ ಅವರಿಗೆ. ಬೇಕಂತಲೇ ಸೋತು ಕೂರುವ ಹಾಗಿಲ್ಲ.


ಲೆಕ್ಕದ ಮೇಷ್ಟ್ರು, 3 ಜೂನ್

ಎಲ್ಲ ಚೆನ್ನಾಗಿದೆ. ಆದರೆ ನೀವೆಲ್ಲ ದೊಡ್ಡ ಸ್ಟೇಡಿಯಮ್ಮಿನ ಸಂಖ್ಯೆ ಮಾತ್ರ ಹೇಳುತ್ತಿದ್ದೀರಿ. 72 ಪಂದ್ಯದ ಒಟ್ಟು ಲೆಕ್ಕ ನಾನು ಹುಡುಕಿದೆ: 3,92,259 ಜನ. ಭಾಗಿಸಿದರೆ ಪಂದ್ಯಕ್ಕೆ 5,448. ಒಳ್ಳೆಯದೇ. ಆದರೆ ಈ ದುಡ್ಡಿನಲ್ಲಿ ಲೀಗ್ ನಡೆಯುವುದಿಲ್ಲ. ಯಾರದೋ ಜೇಬು ಬೇಕು. ಆ ಯಾರೋ ಬೇಜಾರಾಗಿ ಎದ್ದು ಹೋದರೆ?

ಮತ್ತೆ ನ್ಯೂಯಾರ್ಕ್ ಕಥೆ ಯಾರೂ ಎತ್ತಲಿಲ್ಲ. ಹೆಸರು ನ್ಯೂಯಾರ್ಕ್, ಮನೆ ಪಂದ್ಯ ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್‌ನಲ್ಲಿ, ನ್ಯೂಯಾರ್ಕ್‌ನ ಎಲ್ಮಾಂಟ್‌ನಲ್ಲಿ, ನ್ಯೂಜೆರ್ಸಿಯ ನ್ಯೂವರ್ಕ್‌ನಲ್ಲಿ. ಮೂರು ಮನೆ, ಮೂರು ರಾಜ್ಯ. ಬೆಂಗಳೂರು ತಂಡ ಅಂತ ಹೇಳಿ ಒಂದು ದಿನ ಹೊಸೂರಿನಲ್ಲಿ, ಒಂದು ದಿನ ಹಿಂದೂಪುರದಲ್ಲಿ ಆಡಿಸಿದ ಹಾಗೆ. ಕೊನೇ ಸ್ಥಾನ ಬಂದದ್ದರಲ್ಲಿ ಆಶ್ಚರ್ಯ ಏನು?

ಇನ್ನು ಆ ಹಳೇ ಲೀಗಿನ ಏಳು ತಂಡ ಏನಾದವು?


ಹಾಸನದ ಹಿಮ, 3 ಜೂನ್

ಮೇಷ್ಟ್ರು ಸರಿಯಾದ ಜಾಗಕ್ಕೆ ಕೈ ಹಾಕಿದರು. ಎನ್‌ಡಬ್ಲ್ಯುಎಚ್‌ಎಲ್ ಆಮೇಲೆ ಹೆಸರು ಬದಲಿಸಿ ಪಿಎಚ್‌ಎಫ್ ಆಗಿತ್ತು. 2023ರ ಜೂನ್ ಕೊನೆಗೆ ವಾಲ್ಟರ್ ಕಡೆಯವರು ಅದನ್ನು ಕೊಂಡು ಮುಚ್ಚಿದರು. ಏಳು ತಂಡ ಹೋಗಿ ಆರು ತಂಡ ಆಯಿತು. ಮುಂದಿನ ಸೀಸನ್ನಿಗೆ ಅಲ್ಲಿ ಆಗಲೇ ಕರಾರಿಗೆ ಸಹಿ ಹಾಕಿದ್ದವರು ಇದ್ದರು. ಆ ಕಾಗದಗಳಿಗೆ ಬೆಲೆ ಇಲ್ಲದಂತಾಯಿತು. ಕೆಲವರಿಗೆ ಹೊಸ ಲೀಗಿನಲ್ಲಿ ಜಾಗ ಸಿಕ್ಕಿತು, ತುಂಬಾ ಜನರಿಗೆ ಸಿಗಲಿಲ್ಲ. ಈ ಸೀಸನ್ನಿನ ಸಂಭ್ರಮದಲ್ಲಿ ಅವರ ಹೆಸರು ಯಾರೂ ತೆಗೆಯುವುದಿಲ್ಲ. ನಾನೂ ಮೇಲೆ ಬರೆಯುವಾಗ ತೆಗೆಯಲಿಲ್ಲ.

ಆದರೆ ಸರಾಸರಿ ಲೆಕ್ಕಕ್ಕೆ ನನ್ನ ತಕರಾರು ಇದೆ. ಟೊರಾಂಟೊದಲ್ಲಿ 2,500 ಸೀಟಿನ ಜಾಗ ಕೊಟ್ಟು ಸರಾಸರಿ ಕಡಿಮೆ ಅಂದರೆ ಹೇಗೆ? ಸಿಕ್ಕ ಜಾಗ ತುಂಬಿತು. ಏಪ್ರಿಲ್ 20ಕ್ಕೆ ಮಾಂಟ್ರಿಯಲ್‌ನ ಬೆಲ್ ಸೆಂಟರ್ ಕೊಟ್ಟರು, 21,105 ಜನ ಬಂದರು. ಹೆಂಗಸರ ಐಸ್ ಹಾಕಿಗೆ ಪ್ರಪಂಚದಲ್ಲೇ ಅಷ್ಟು ಜನ ಯಾವತ್ತೂ ಸೇರಿರಲಿಲ್ಲ. ಸ್ವಂತ ತಂಡವೇ ಇಲ್ಲದ ಡೆಟ್ರಾಯಿಟ್‌ನಲ್ಲಿ 13,736. ಪಾತ್ರೆ ಚಿಕ್ಕದು ಕೊಟ್ಟು ಹಾಲು ಕಡಿಮೆ ಅನ್ನಬೇಡಿ.


ಧಾರವಾಡದಾಂವ, 10 ಜೂನ್

ಒಬ್ಬನೇ ಮಾಲೀಕ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಬಂತು. ಕಪ್ ಗೆದ್ದು ಎರಡು ವಾರ ಆಗುವುದರೊಳಗೆ ಮಿನೆಸೋಟದ ಜನರಲ್ ಮ್ಯಾನೇಜರ್ ನಟಾಲಿ ಡಾರ್ವಿಟ್ಜ್ ಹೊರಗೆ. ತಂಡ ಕಟ್ಟಿದವರೇ ಅವರು. ತಿಳಿಸಿದ್ದು ಲೀಗ್. ತಂಡದ ಮಾಲೀಕ ಅಂತ ಬೇರೆ ಇದ್ದಿದ್ದರೆ ಜನ ಹೋಗಿ ಅವರ ಗೇಟ್ ಮುಂದೆ ಕೂಗುತ್ತಿದ್ದರು. ಇಲ್ಲಿ ಯಾರ ಗೇಟ್?


ಪುತ್ತೂರು ಟು ಸೇಂಟ್‌ಪಾಲ್, 10 ಜೂನ್

ಬೇಜಾರು ಇದೆ, ಸುಳ್ಳು ಹೇಳುವುದಿಲ್ಲ. ಫೈನಲ್ ದಿನ ಸಿಹಿ ಹಂಚಿದ್ದೆ, ಈಗ ಜನ ಕೇಳುತ್ತಾರೆ ನಿಮ್ಮ ತಂಡದಲ್ಲಿ ಎಂಥದು ಗಲಾಟೆ ಅಂತ. ಆದರೆ ಒಬ್ಬನೇ ಮಾಲೀಕ ಇಲ್ಲದಿದ್ದರೆ ಈ ಆರು ತಿಂಗಳ ಅವಸರದ ಅಡುಗೆ ಬೇಯುತ್ತಿತ್ತಾ? ಆರು ಜನ ಮಾಲೀಕರು ಅಂದರೆ ಲೋಗೊ ಬಣ್ಣಕ್ಕೇ ಒಂದು ವರ್ಷ ಜಗಳ ಆಗುತ್ತಿತ್ತು.

ಇವತ್ತು ನಮ್ಮೂರಲ್ಲೇ ಡ್ರಾಫ್ಟ್ ನಡೆಯಿತು. ನ್ಯೂಯಾರ್ಕ್‌ಗೆ ಮೊದಲ ಆಯ್ಕೆ ಸಿಕ್ಕಿ ಸಾರಾ ಫಿಲಿಯರ್ ಹೋದಳು. ಒಗ್ಗರಣೆಯವರು ಹೇಳಿದ ನಿಯಮ ಕೆಲಸ ಮಾಡಿತು ನೋಡಿ, ಹೊರಬಿದ್ದ ಮೇಲೂ ಅವರು ಪಾಯಿಂಟ್ ಗಳಿಸಿದ್ದರು.


ಬಸವನಗುಡಿ ಲೆಗ್‌ಸ್ಪಿನ್, 12 ಜೂನ್

ನಿಮ್ಮ ಮಾತು ಕೇಳಿ ಯೂಟ್ಯೂಬಿನಲ್ಲಿ ಬೆಲ್ ಸೆಂಟರ್ ಪಂದ್ಯ ನೋಡಿದೆ. ಪಕ್ ಎಲ್ಲಿದೆ ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ಕೊನೆಗೆ ಅಮ್ಮ ಹೇಳಿಕೊಟ್ಟರು, "ಪಕ್ ನೋಡಬೇಡ, ಅವರ ಮುಖ ಯಾವ ಕಡೆ ಇದೆ ನೋಡು" ಅಂತ. ಅಮ್ಮನಿಗೆ ಹೇಗೆ ಗೊತ್ತೋ!

ಲಡಾಖ್‌ನ ಹುಡುಗಿಯರೂ ಐಸ್ ಹಾಕಿ ಆಡುತ್ತಾರೆ ಅಂತ ಆಗ ಗೊತ್ತಾಯಿತು. ನಮ್ಮ ದೇಶದ ತಂಡದಲ್ಲಿ ಹೆಚ್ಚಿನವರು ಅವರೇ ಅಂತೆ. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪೀನ್ಸ್ ಮೇಲೆ 4-3 ಮೊದಲ ಗೆಲುವು. ಹೆಪ್ಪುಗಟ್ಟಿದ ಕೆರೆ ಮೇಲೆ ಕಲಿತವರು. ಇವರಲ್ಲಿ ಒಬ್ಬಳು ಯಾವತ್ತಾದರೂ ಆ ಡ್ರಾಫ್ಟಿಗೆ ಹೋದರೆ ನಾನು ಟೊರಾಂಟೊಗೇ ಬರುತ್ತೇನೆ ಅಕ್ಕ, ಊಟ ನಿಮ್ಮ ಮನೆಯಲ್ಲಿ.


ಒಟ್ಟಾವ ಒಗ್ಗರಣೆ, 9 ಸೆಪ್ಟೆಂಬರ್ 2024

ಹಳೇ ಚರ್ಚೆ ಮೇಲೆ ತರುತ್ತಿದ್ದೇನೆ, ಕ್ಷಮಿಸಿ. ನಾಮಕರಣ ಆಯಿತು! ಬಾಸ್ಟನ್ ಫ್ಲೀಟ್, ಮಿನೆಸೋಟ ಫ್ರಾಸ್ಟ್, ಮಾಂಟ್ರಿಯಲ್ ವಿಕ್ಟ್ವಾರ್, ನ್ಯೂಯಾರ್ಕ್ ಸೈರನ್ಸ್, ಒಟ್ಟಾವ ಚಾರ್ಜ್, ಟೊರಾಂಟೊ ಸೆಪ್ಟರ್ಸ್.


ಧಾರವಾಡದಾಂವ, 9 ಸೆಪ್ಟೆಂಬರ್

ಚಾರ್ಜ್ ಅಂದರೆ ಫೋನಿಗೆ ಹಾಕುವುದಾ? ನಮ್ಮದು ನೋಡ್ರೀ, ಫ್ಲೀಟ್. ನೌಕಾಪಡೆ. ಗತ್ತಿದೆ.


ಪುತ್ತೂರು ಟು ಸೇಂಟ್‌ಪಾಲ್, 9 ಸೆಪ್ಟೆಂಬರ್

ಫ್ರಾಸ್ಟ್ ಹೆಸರು ಚೆನ್ನಾಗಿದೆ. ಆದರೆ ಕಪ್ ಗೆದ್ದ ತಂಡಕ್ಕೆ ಹೆಸರೇ ಇರಲಿಲ್ಲ ಅಲ್ವಾ. ನನ್ನ ಹಳೇ ಜರ್ಸಿ ಯಾರಿಗೂ ಕೊಡುವುದಿಲ್ಲ.


ಹಾಸನದ ಹಿಮ, 10 ಸೆಪ್ಟೆಂಬರ್

ಸೆಪ್ಟರ್ ಅಂದರೆ ರಾಜದಂಡ ಅಂತ ಮಗಳಿಗೆ ಹೇಳಿದೆ. "ಕಪ್ಪೇ ಇಲ್ಲ, ದಂಡ ಯಾಕೆ" ಅಂದಳು. ಅವಳು ಸ್ಪೂನರ್ ಮೊಣಕಾಲು ವಾಸಿ ಆಗುವುದನ್ನು ಕಾಯುತ್ತಿದ್ದಾಳೆ. ಖುಷಿ ವಿಷಯ, ಈ ಸಲ ನಮ್ಮ ಮನೆ ಪಂದ್ಯ ಕೋಕ ಕೋಲ ಕೊಲಿಸಿಯಮ್ಮಿನಲ್ಲಿ. ದೊಡ್ಡ ಜಾಗ. ಟಿಕೆಟ್ ಸಿಗಬಹುದು.


ಲೆಕ್ಕದ ಮೇಷ್ಟ್ರು, 10 ಸೆಪ್ಟೆಂಬರ್

ನನ್ನ ಅನುಮಾನ ಅನುಮಾನವೇ. ಮೂರು ವರ್ಷ ಆದ ಮೇಲೆ ಮಾತಾಡೋಣ. ಅಂದ ಹಾಗೆ ನಿಮ್ಮಲ್ಲಿ ಚಳಿಗಾಲದಲ್ಲಿ ಸಂಜೆ 7ರ ಪಂದ್ಯ ಅಂದರೆ ಇಲ್ಲಿ ಎಷ್ಟು ಗಂಟೆ?


ಹಾಸನದ ಹಿಮ, 10 ಸೆಪ್ಟೆಂಬರ್

ಬೆಳಗಿನ ಜಾವ 5:30 ಮೇಷ್ಟ್ರೇ.


ಲೆಕ್ಕದ ಮೇಷ್ಟ್ರು, 10 ಸೆಪ್ಟೆಂಬರ್

ಹಾಲು ಬರುವ ಹೊತ್ತು. ಹೇಗೂ ಎದ್ದಿರುತ್ತೇನೆ.